ಹೆಬ್ಬೆರಳ ಬುಡದ ಗಂಟು

ನಮ್ಮಮ್ಮನ ಎರಡೂ ಕಾಲಲ್ಲಿ ಹೆಬ್ಬೆರಳ ಬುಡ ಹೊರಕ್ಕೆ ಉಬ್ಬಿ, ಬೆರಳು ಪಕ್ಕದ ಬೆರಳಿನತ್ತ ವಾಲಿತ್ತು. ಗದ್ದೆ, ಕೊಟ್ಟಿಗೆ ಎಂದು ಬರಿಗಾಲಲ್ಲೇ ಓಡಾಡಿದ ಅವಳು ಅದು ನೋಯುತ್ತದೆ ಎಂದದ್ದನ್ನು ನಾನು ಕೇಳಿಲ್ಲ. ಅದೇ ಗಂಟು ನನಗೂ ಬಂತು, ನೋವಿನ ಸಮೇತ ಬಂತು.

ಮೈಸೂರಿನ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ ಪಾಳಿಯಿಡೀ ನಿಂತು ಮಾಡುವ ಕೆಲಸ ನನ್ನದು. ಸಮವಸ್ತ್ರದ ಜೊತೆ ಮುಂತುದಿ ಚೂಪಾದ ಕಪ್ಪು ಶೂ ಕಡ್ಡಾಯ. ಮೊದಲು ಕಾಲುಂಗುರ ಬಿಗಿಯತೊಡಗಿತು. ಹೆಬ್ಬೆರಳು ಎರಡನೇ ಬೆರಳನ್ನು ಒತ್ತುತ್ತಿತ್ತು. ಆಮೇಲೆ ಗಂಟಿನ ಮೇಲಿನ ಚರ್ಮ ಕೆಂಪೇರಿತು. ರಾತ್ರಿ ಶೂ ಕಳಚಿದರೆ ಹೋದ ಜೀವ ಬಂದಂತಾಗುತ್ತಿತ್ತು.

ಬಡಾವಣೆಯ ವೈದ್ಯರು ಯೂರಿಕ್ ಆ್ಯಸಿಡ್ ಪರೀಕ್ಷೆ ಬರೆದುಕೊಟ್ಟರು. ಅದಕ್ಕೆ ಕಾರಣವಿತ್ತು. ಯೂರಿಕ್ ಆ್ಯಸಿಡ್‌ನಿಂದ ಬರುವ ಗೌಟ್ ಎಂಬ ಕೀಲುನೋವು ಕೂಡ ಹೆಚ್ಚಾಗಿ ಇದೇ ಕೀಲನ್ನು ಹಿಡಿಯುತ್ತದೆ. ಆದರೆ ಗೌಟ್ ರಾತ್ರೋರಾತ್ರಿ ಎರಗಿ, ಹೊದಿಕೆ ತಾಗಿದರೂ ಚೀರುವಂತೆ ಮಾಡುತ್ತದೆ. ನನ್ನಂಥ ಗಂಟು, ಇಂಗ್ಲಿಷಿನಲ್ಲಿ ಬನಿಯನ್ ಎನ್ನುವುದು, ವರ್ಷಗಟ್ಟಲೆ ಬೆಳೆದು, ಶೂ ತೊಟ್ಟಾಗ ಕಾಡಿ, ಕಳಚಿದಾಗ ಬಿಡುತ್ತದೆ. ವರದಿ ಸರಿಯಿದ್ದುದರಿಂದ ಮುಂದಿನ ವೈದ್ಯರನ್ನು ಹುಡುಕಿದೆ. ನಮ್ಮಲ್ಲಿ ಪೊಡಿಯಾಟ್ರಿ ಎಂದರೆ ಹೆಚ್ಚಾಗಿ ಮಧುಮೇಹಿಗಳ ಪಾದದ ಆರೈಕೆ. ಹಾಗಾಗಿ ಇಂಥ ತೊಂದರೆಗೆ ಪಾದದ ಶಸ್ತ್ರಚಿಕಿತ್ಸೆಯಲ್ಲಿ ಪರಿಣತರಾದ ಮೂಳೆ ವೈದ್ಯರನ್ನೇ ಕೇಳಿಕೊಂಡು ಹೋಗಬೇಕು.

ನನಗೆ ಸಿಕ್ಕ ಅಂಥ ವೈದ್ಯರು ನನ್ನನ್ನು ನಿಲ್ಲಿಸಿಯೇ ಎಕ್ಸ್‌ರೇ ತೆಗೆಸಿದರು. ಮೈಭಾರ ಬಿದ್ದಾಗಲೇ ಮೂಳೆಗಳ ನಿಜವಾದ ವಾಲು ಕಾಣುವುದಂತೆ. ಹೆಬ್ಬೆರಳ ಹಿಂದಿನ ಉದ್ದ ಮೂಳೆ ಒಂದು ಕಡೆಗೆ, ಬೆರಳು ಇನ್ನೊಂದು ಕಡೆಗೆ ಸರಿದು, ನಡುವಿನ ಕೀಲು ಹೊರಕ್ಕೆ ಚಾಚಿತ್ತು. ವಾಲು 15 ಡಿಗ್ರಿ ದಾಟಿದರೆ ಹ್ಯಾಲಕ್ಸ್ ವಾಲ್ಗಸ್ ಎನ್ನುತ್ತಾರೆ, ನನ್ನದು 28. ಹೊಸ ಮೂಳೆ ಬೆಳೆದಿದೆ ಎಂದುಕೊಂಡಿದ್ದ ಉಬ್ಬು ಬಹುಮಟ್ಟಿಗೆ ಆ ಉದ್ದ ಮೂಳೆಯ ತಲೆ, ಅದರ ಮೇಲೆ ಶೂ ಉಜ್ಜಿ ಊದಿಕೊಂಡ ನೀರಚೀಲ. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಗಳು ಬೆಳೆದವರ ಬೆರಳನ್ನು ಶಾಶ್ವತವಾಗಿ ನೆಟ್ಟಗೆ ಮಾಡಲಾರವು ಎಂಬುದೂ ಆಗ ತಿಳಿಯಿತು.

ಪಾದದ ಆಕಾರ ವಂಶದಿಂದ ಬರುತ್ತದೆ. ಅದರ ಮೇಲೆ ಶೂ ತನ್ನ ಕೆಲಸ ಮಾಡುತ್ತದೆ. 1958ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಅಧ್ಯಯನವೊಂದರಲ್ಲಿ ಶೂ ಹಾಕುವವರಲ್ಲಿ ನೂರಕ್ಕೆ 33 ಮಂದಿಗೆ ಈ ವಾಲು ಕಂಡಿತ್ತು, ಬರಿಗಾಲಿನವರಲ್ಲಿ ನೂರಕ್ಕೆ ಇಬ್ಬರಿಗೂ ಇರಲಿಲ್ಲ. ಅಮ್ಮನಿಗೂ ನನಗೂ ಇದ್ದ ವ್ಯತ್ಯಾಸ ಇದರಿಂದ ಅರ್ಧ ಅರ್ಥವಾಯಿತು.

ಉಳಿದರ್ಧ ವೈದ್ಯರ ಮೇಜಿನ ಪಕ್ಕದಲ್ಲೇ ತಿಳಿಯಿತು. ಬಿಳಿ ಹಾಳೆಯ ಮೇಲೆ ನನ್ನನ್ನು ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದರು. ಆ ಚಿತ್ರದ ಮೇಲೆ ನನ್ನ ಶೂ ಇಟ್ಟರು. ಪೆನ್ಸಿಲ್ ಗೆರೆ ಎರಡೂ ಬದಿಗೆ ಬೆರಳಗಲ ಹೊರಗೆ ಉಳಿದಿತ್ತು. ಚೀಟಿಯಲ್ಲಿ ಮೊದಲ ಔಷಧಿಯಾಗಿ ಬರೆದದ್ದು ಮುಂಭಾಗ ಅಗಲವಾದ, ಮೆತ್ತನೆಯ, ಹಿಮ್ಮಡಿ ಎತ್ತರವಿಲ್ಲದ ಶೂ. ಜೊತೆಗೆ ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು, ನನ್ನದು ಚಪ್ಪಟೆ ಪಾದವಾದ್ದರಿಂದ ಒಳಗೊಂದು ಆಸರೆಯ ಅಟ್ಟೆ. ಶೂ ಕೊಳ್ಳುವುದು ಸಂಜೆಗೇ, ಕಾಲು ಊದಿರುವಾಗ. ಆ ಚೀಟಿ ತೋರಿಸಿ ಕೆಲಸದಲ್ಲಿ ಶೂ ಬದಲಿಸಲು ಅನುಮತಿ ಪಡೆಯುವುದೇ ಈ ಚಿಕಿತ್ಸೆಯಲ್ಲಿ ಕಷ್ಟದ ಭಾಗವಾಗಿತ್ತು.

ಆಪರೇಷನ್ ಬಗ್ಗೆ ನಾನೇ ಕೇಳಿದೆ. ನೂರಕ್ಕೂ ಹೆಚ್ಚು ವಿಧಾನಗಳಿವೆಯಂತೆ. ವಾಲು ಕಡಿಮೆಯಿದ್ದರೆ ಮೂಳೆಯ ತಲೆಯ ಬಳಿ ಇಂಗ್ಲಿಷಿನ ವಿ ಆಕಾರದಲ್ಲಿ ಕತ್ತರಿಸಿ ಸರಿಸುವ ಶೆವ್ರಾನ್, ಹೆಚ್ಚಿದ್ದು ಆ ಉದ್ದ ಮೂಳೆಯ ಬುಡದ ಕೀಲೂ ಸಡಿಲವಾಗಿದ್ದರೆ ಆ ಕೀಲನ್ನೇ ಬೆಸೆಯುವ ಲ್ಯಾಪಿಡಸ್. ಸುಮಾರು 6 ವಾರ ವಿಶೇಷ ಗಟ್ಟಿ ಅಟ್ಟೆಯ ಶೂ, ತಿಂಗಳುಗಟ್ಟಲೆ ಊತ, ಇಷ್ಟಾದರೂ ಕೆಲವರಿಗೆ ವಾಲು ಮರುಕಳಿಸುವುದುಂಟು. ಅಂದಕ್ಕಾಗಿ ಮಾಡಿಸಬಾರದು, ಶೂ ಬದಲಿಸಿದ ಮೇಲೂ ನಡೆಯಲಾಗದ ನೋವಿದ್ದರೆ, ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತರೆ ಯೋಚಿಸೋಣ ಎಂದರು. ಸಕ್ಕರೆ ಕಾಯಿಲೆ ಇರುವವರು ಮೊದಲು ಪಾದದ ಸ್ಪರ್ಶಜ್ಞಾನ, ರಕ್ತಸಂಚಾರ ಪರೀಕ್ಷಿಸಿಕೊಳ್ಳಬೇಕು. ಅವರಿಗೆ ಗಂಟಿನ ಮೇಲಿನ ಸಣ್ಣ ಗಾಯವೂ ದೊಡ್ಡದಾದೀತು.

ನನ್ನ ಗಂಟು ಇದ್ದಲ್ಲೇ ಇದೆ, ನೋವು ಬಹಳ ತಗ್ಗಿದೆ. ನಿಮಗೂ ಇಂಥದ್ದಿದ್ದರೆ ವೈದ್ಯರಲ್ಲಿಗೆ ಹೋಗುವಾಗ ದಿನವೂ ತೊಡುವ ಶೂವನ್ನೇ ಹಾಕಿಕೊಂಡು ಹೋಗಿ. ಕತ್ತರಿಸುವ ಮಾತು ಬಂದರೆ, ಯಾವ ವಿಧಾನ, ನನಗೆ ಅದೇ ಏಕೆ, ಎಷ್ಟು ದಿನ ನಿಂತು ಕೆಲಸ ಮಾಡುವಂತಿಲ್ಲ ಎಂದು ಕೇಳಿ, ಉತ್ತರ ಬರೆದುಕೊಂಡು ಬನ್ನಿ.