ಪಿಇ ಐದು ಎಂಬ ಆಮಿಷ

2018ರ ಮೇ ಕೊನೆಯಲ್ಲಿ ಫ್ರೀಮಾಂಟಿನಲ್ಲಿರುವ ನನ್ನ ತಮ್ಮ ತಲಾ 60 ಡಾಲರಿನಂತೆ ಮೆಮೊರಿ ಚಿಪ್ ಮಾಡುವ ಮೈಕ್ರಾನ್ ಕಂಪನಿಯ 200 ಷೇರು ಕೊಂಡ. ಅವನು ಕೊಂಡ ಮೊದಲ ಷೇರು ಅದು. ಹತ್ತು ವರ್ಷ ಮುಟ್ಟೋದಿಲ್ಲ ಅಂದವನು, ಡಿಸೆಂಬರಿನಲ್ಲಿ ಬೆಲೆ 30ರ ಆಸುಪಾಸಿಗೆ ಇಳಿದಾಗ ಅಷ್ಟನ್ನೂ ಮಾರಿ ಕೂತ. ಆರು ಸಾವಿರ ಡಾಲರ್ ಹೋಯಿತು. ಅವನ ತೆರಿಗೆ ಲೆಕ್ಕ ನೋಡುವವನು ನಾನು. ಕಾಗದ ಇನ್ನೂ ನನ್ನ ಬಳಿಯಿದೆ. ಗುಜರಾತಿನ ಸಾನಂದಕ್ಕೆ ಅದೇ ಕಂಪನಿ ಬಂದಮೇಲೆ ‘ಚಿಪ್ ಷೇರು ಯಾವುದು ತಗೊಳ್ಳಲಿ’ ಎನ್ನುವ ಹುಡುಗರಿಗೆಲ್ಲ ಅದನ್ನೇ ತೋರಿಸುತ್ತೇನೆ.

ಅವನು ನೋಡಿದ್ದು ಪಿಇ, ಅಂದರೆ ಬೆಲೆ ಷೇರಿನ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಎಂಬುದೊಂದನ್ನೇ. ಆ ಹಣಕಾಸು ವರ್ಷದ ಇಪಿಎಸ್ (ಪ್ರತಿ ಷೇರಿನ ಗಳಿಕೆ) 11.51 ಡಾಲರಿಗೆ ನಿಂತಿತು. 60ನ್ನು ಅದರಿಂದ ಭಾಗಿಸಿದರೆ ಐದು ಚಿಲ್ಲರೆ. ಅಗ್ಗವೇ ಸರಿ! ಆದರೆ ಮುಂದಿನ ವರ್ಷಗಳನ್ನೂ ಬರೆದುಕೊಳ್ಳಿ: 2019ರಲ್ಲಿ 5.51, 2020ರಲ್ಲಿ 2.37, 2021ರಲ್ಲಿ 5.14, 2022ರಲ್ಲಿ 7.75, 2023ರಲ್ಲಿ 5.34 ಡಾಲರ್ ನಷ್ಟ. ಆರೂ ವರ್ಷ ಕೂಡಿ, ನಷ್ಟ ಕಳೆದರೆ 26.94. ವರ್ಷಕ್ಕೆ ಸರಾಸರಿ ನಾಲ್ಕೂವರೆ ಡಾಲರ್. ಈಗ 60ನ್ನು ಭಾಗಿಸಿ, ಪಿಇ ಹದಿಮೂರು ದಾಟುತ್ತದೆ. ದುಬಾರಿಯಲ್ಲ, ಆದರೆ ಅವನು ಅಂದುಕೊಂಡಷ್ಟು ಅಗ್ಗವೂ ಅಲ್ಲ. ಮುಂದಿನದು ಕೊಳ್ಳುವ ದಿನ ಯಾರಿಗೂ ಗೊತ್ತಿರುವುದಿಲ್ಲ, ನಿಜ. ಹಿಂದಿನದು ಗೊತ್ತಿರುತ್ತದಲ್ಲ? 2016ರಲ್ಲೂ ಈ ಕಂಪನಿ ನಷ್ಟದಲ್ಲಿತ್ತು. ಅದನ್ನು ಸರಾಸರಿಗೆ ಸೇರಿಸಿದ್ದರೂ ಸಾಕಿತ್ತು.

ಲಾಭ ಹೀಗೆ ಏರಿಳಿಯುವುದೇಕೆ? ಡಿರ್ಯಾಮ್ ಎಂಬ ಮೆಮೊರಿ ಚಿಪ್‌ಗಳ ಮಾರುಕಟ್ಟೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರದೇ. ಅಡಿಕೆಗೆ ಬೆಲೆ ಬಂತೆಂದು ಊರೆಲ್ಲ ಒಟ್ಟಿಗೆ ಸಸಿ ನೆಟ್ಟ ಹಾಗೆ, ದರ ಏರಿದಾಗ ಮೂವರೂ ಹೊಸ ಫ್ಯಾಬಿಗೆ, ಅಂದರೆ ಚಿಪ್ ಕಾರ್ಖಾನೆಗೆ, ದುಡ್ಡು ಸುರಿಯುತ್ತಾರೆ. ಫಸಲೂ ಒಟ್ಟಿಗೇ ಬಂದು ದರ ಬೀಳುತ್ತದೆ. ಹಾಗೆಂದು ಯಂತ್ರದ ಖರ್ಚು ನಿಲ್ಲಿಸುವಂತಿಲ್ಲ. 583 ಕೋಟಿ ಡಾಲರ್ ನಷ್ಟವಾದ 2023ರಲ್ಲೂ ಮೈಕ್ರಾನ್ ಅದಕ್ಕೆಂದು 700 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು.

ತಮ್ಮ ಮಾರದೇ ಇಟ್ಟುಕೊಂಡಿದ್ದರೆ 2021ರ ವಸಂತದಲ್ಲಿ ಬೆಲೆ 90 ದಾಟಿದ್ದನ್ನು ನೋಡುತ್ತಿದ್ದ. ಆದರೆ ಪಿಇ ನಂಬಿ ಕೊಂಡವನಿಗೆ ಲಾಭ ಕುಸಿಯುವಾಗ ಹಿಡಿದಿಟ್ಟುಕೊಳ್ಳಲು ಬೇರೆ ಕಾರಣವೇ ಇರಲಿಲ್ಲ. ದರ ಬೀಳುವ ಸುಳಿವು ಬೇಕೆಂದರೆ, ಮೂರು ತಿಂಗಳಿಗೊಮ್ಮೆ ಬರುವ ವರದಿಯಲ್ಲಿ ಉಗ್ರಾಣದಲ್ಲಿ ಎಷ್ಟು ದಿನದ ಮಾಲು ಕೂತಿದೆ ಎಂದು ನೋಡುವ ಅಭ್ಯಾಸವಿರಬೇಕು. ಬೆಲೆಯನ್ನು ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ನೋಡುವವರು ಇದನ್ನು ವರ್ಷಕ್ಕೆ ನಾಲ್ಕು ಸಲ ನೋಡಲಾರರೇ? ನನಗಂತೂ ಅರ್ಥವಾಗುವುದಿಲ್ಲ.

ಬಿಡಿ ಷೇರಿನ ತಲೆನೋವೇ ಬೇಡವೆಂದರೆ ಸೂಚ್ಯಂಕ ಹಿಂಬಾಲಿಸುವ ಸಾದಾ ಚಿಪ್ ಇಟಿಎಫ್ ಇದೆ. ಆದರೆ ‘ದಿನಕ್ಕೆ ಮೂರು ಪಟ್ಟು’ ಕೊಡುವ ಇಟಿಎಫ್ ತೋರಿಸಿ ದೀರ್ಘಾವಧಿಗೆ ಇಡಲೇ ಎಂದು ಮಾತ್ರ ನನ್ನನ್ನು ಕೇಳಬೇಡಿ. ಸೂಚ್ಯಂಕ ಇವತ್ತು 100ರಿಂದ 90ಕ್ಕೆ ಬಿದ್ದು ನಾಳೆ ಮತ್ತೆ 100 ಮುಟ್ಟಿದರೂ ಆ ಫಂಡು 70ಕ್ಕಿಳಿದು 93ರಲ್ಲೇ ನಿಲ್ಲುತ್ತದೆ, ಅದೂ ಎರಡೇ ದಿನದಲ್ಲಿ, ಶುಲ್ಕ ಮುರಿಯುವುದಕ್ಕೂ ಮುಂಚೆ.