ಪಿಎಫ್ ದುಡ್ಡು ಪೂರ್ತಿ ತೆಗೆಯುವ ಮುನ್ನ

ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಮದ್ದೂರಿನ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳಿಗೆ ಸಂಬಳದ ಚೀಟಿಯಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂಬ ಎರಡು ಕಡಿತ ಇರುವುದು ಗೊತ್ತು. ಕೆಲಸ ಬಿಟ್ಟ ಮೇಲೆ ಪಿಎಫ್ ದುಡ್ಡು ಕೈಗೆ ಬರುತ್ತದೆ ಎಂಬುದೂ ಗೊತ್ತು. ಆದರೆ ಕೈಕಾಲು ಸ್ವಾಧೀನ ತಪ್ಪಿ ದುಡಿಯಲಾಗದ ಸ್ಥಿತಿ ಬಂದರೆ, ಅದೇ ಖಾತೆಯೊಳಗೆ ಬದುಕಿರುವವರೆಗೂ ಪಿಂಚಣಿ ಪಡೆಯುವ ಹಕ್ಕಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕಷ್ಟಕಾಲದಲ್ಲಿ ಅವಸರಕ್ಕೆ ಬಿದ್ದು ಹಾಕುವ ಒಂದು ಸಹಿ ಆ ಹಕ್ಕನ್ನು ಅಳಿಸಿಬಿಡಬಹುದು.

ಒಂದೇ ಖಾತೆ, ಎರಡು ಗಂಟು

ನಿಮ್ಮ ಸಂಬಳದಿಂದ ಕಡಿತವಾಗುವ ಶೇ 12ರಷ್ಟು ಹಣ ಭವಿಷ್ಯ ನಿಧಿಗೆ ಹೋಗುತ್ತದೆ. ಮಾಲೀಕರು ಕಟ್ಟುವ ಶೇ 12ರಲ್ಲಿ ಶೇ 8.33 ಭಾಗ 1995ರ ನೌಕರರ ಪಿಂಚಣಿ ಯೋಜನೆಗೆ ಸೇರುತ್ತದೆ. ಇದರ ಲೆಕ್ಕಕ್ಕೆ ₹15,000 ಸಂಬಳದ ಮಿತಿ ಇದೆ. ಮೊದಲನೆಯದು ನಿಮ್ಮ ಉಳಿತಾಯ. ಶಾಶ್ವತವಾಗಿ ದುಡಿಯಲಾಗದವರು ವೈದ್ಯರ ಪ್ರಮಾಣಪತ್ರ ಕೊಟ್ಟು ಅದನ್ನು ಪೂರ್ತಿ ಪಡೆಯಬಹುದು. ಅದನ್ನು ಪಡೆದರೆ ಪಿಂಚಣಿಗೆ ಧಕ್ಕೆಯಿಲ್ಲ. ಎಚ್ಚರ ಬೇಕಾದದ್ದು ಎರಡನೆಯ ಗಂಟಿನ ವಿಷಯದಲ್ಲಿ.

ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಅಂಗವೈಕಲ್ಯ ಕಾರ್ಖಾನೆಯಲ್ಲೇ ಆಗಿರಬೇಕೆಂದೂ ಇಲ್ಲ. ಕೆಲಸದಲ್ಲಿರುವಾಗ ಮನೆಯಲ್ಲಿ ಲಕ್ವ ಹೊಡೆದರೂ ನಡೆಯುತ್ತದೆ. ಆವರೆಗೆ ಮಾಡಬಲ್ಲವರಾಗಿದ್ದ ಯಾವ ಕೆಲಸವನ್ನೂ ಇನ್ನು ಮಾಡಲಾಗದು ಎಂದು ವೈದ್ಯಕೀಯ ಪರೀಕ್ಷೆಯಲ್ಲಿ ಖಚಿತವಾಗಬೇಕು, ಅಷ್ಟೇ.

10ಸಿ ಬೇರೆ, 10ಡಿ ಬೇರೆ

ಹತ್ತು ವರ್ಷ ತುಂಬದವರು ಪಿಂಚಣಿಯ ಗಂಟನ್ನು ಒಂದೇ ಸಲಕ್ಕೆ ಹಿಂಪಡೆಯುವುದು ನಮೂನೆ 10ಸಿ ಮೂಲಕ. ಹಾಗೆ ಪಡೆದರೆ ಆ ಸೇವೆಯ ಲೆಕ್ಕ ಅಲ್ಲಿಗೆ ಮುಗಿಯಿತು. ತಿಂಗಳ ಪಿಂಚಣಿ ಬೇಕೆಂದರೆ ನಮೂನೆ 10ಡಿ ಹಾಕಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ ₹14,000 ಸಂಬಳದಲ್ಲಿ ಐದು ವರ್ಷ ದುಡಿದ, ಮೂವತ್ತರ ವಯಸ್ಸಿನ ಹೆಣ್ಣುಮಗಳು. ಆಕೆಯ ಪಿಂಚಣಿ ಗಂಟಿಗೆ ಸೇರಿದ ವಂತಿಗೆ ಸುಮಾರು ₹70,000. ಪಿಂಚಣಿಯ ಸೂತ್ರವೆಂದರೆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು: ತಿಂಗಳಿಗೆ ₹1,000. ಸೇವೆ ಇನ್ನೂ ಕಡಿಮೆಯಿದ್ದರೂ 2014ರ ಸೆಪ್ಟೆಂಬರ್‌ನಿಂದ ಕನಿಷ್ಠ ಪಿಂಚಣಿ ₹1,000 ಇದೆ. ಆರು ವರ್ಷಕ್ಕೇ ಆ ₹70,000 ದಾಟುತ್ತದೆ. ಮುಂದೆ ಬದುಕಿರುವವರೆಗೂ ಬರುತ್ತಲೇ ಇರುತ್ತದೆ. ಆಕೆಯ ನಂತರ ಗಂಡನಿಗೆ ಮತ್ತು 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಪಿಂಚಣಿ ಸಲ್ಲುತ್ತದೆ. ಸಾವಿರ ರೂಪಾಯಿ ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಔಷಧಿಗೂ ಮಗನ ಕೈ ನೋಡಬೇಕಾದವರಿಗೆ ಅದು ಮರ್ಯಾದೆಯ ದುಡ್ಡು.

ಇಎಸ್‌ಐ, ಅಪಘಾತ ಪರಿಹಾರ

ಗಾಯ ಕೆಲಸದಿಂದಾಗಿದ್ದರೆ, ಅಥವಾ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಕೆಲಸಕ್ಕೆ ಸಂಬಂಧಪಟ್ಟು ಆಗಿದ್ದರೆ, ಇಎಸ್‌ಐ ಕೇಳಿ. ಪೂರ್ತಿ ಅಂಗವೈಕಲ್ಯಕ್ಕೆ ಸರಾಸರಿ ದಿನಗೂಲಿಯ ಶೇ 90 ಸಿಗುತ್ತದೆ. ಬೆರಳು ಹೋದಂಥ ಭಾಗಶಃ ನಷ್ಟಕ್ಕೆ ದುಡಿಯುವ ಶಕ್ತಿ ಎಷ್ಟು ಕುಂದಿದೆಯೋ ಅಷ್ಟು. ಪಿಎಫ್‌ನಲ್ಲಿ ಎಷ್ಟು ಹಣವಿದೆ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಮದ್ದೂರು ತಾಲ್ಲೂಕಿನ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ಅಪಘಾತಕ್ಕೆ ಸಿಕ್ಕವರು ಇದನ್ನೂ ತಿಳಿದಿರಬೇಕು. ರಸ್ತೆ ಅಪಘಾತದ ಪರಿಹಾರದಲ್ಲಿ ಪಿಎಫ್ ಹಣವನ್ನು ಮುರಿದುಕೊಳ್ಳುವಂತಿಲ್ಲ ಎಂದು ಮಹಾರಾಷ್ಟ್ರ ರಸ್ತೆ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಅದು ಸಾವಿನ ಪ್ರಕರಣ. ಆದರೆ ತತ್ವ ಸ್ಪಷ್ಟ: ಪಿಎಫ್ ಎಂಬುದು ದುಡಿದು ಕೂಡಿಟ್ಟದ್ದು, ಅಪಘಾತದಿಂದ ಬಂದ ಲಾಭವಲ್ಲ.

ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನದ ದಾರಿ ಬೇರೆ. ಅದಕ್ಕೆ ಕನಿಷ್ಠ ಶೇ 40 ಅಂಗವೈಕಲ್ಯ ಇರಬೇಕು, ಕುಟುಂಬದ ಆದಾಯಕ್ಕೆ ಮಿತಿಯೂ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಬೇರೆ ಪಿಂಚಣಿ ಬರುತ್ತಿದ್ದರೆ ಮುಚ್ಚಿಡದೆ ತಿಳಿಸಿ.

ಮಾಡಬೇಕಾದ್ದು

1. ‘ವೈಯಕ್ತಿಕ ಕಾರಣ’ ಎಂದು ರಾಜೀನಾಮೆ ಬರೆದುಕೊಡಬೇಡಿ. ಅಂಗವೈಕಲ್ಯವೇ ಕಾರಣವೆಂದು ದಾಖಲಾಗಲಿ.
2. ಕೆಲಸದ ದಾಖಲೆಯಲ್ಲಿರುವಾಗಲೇ ಆಸ್ಪತ್ರೆಯ ಚೀಟಿ, ಪ್ರಮಾಣಪತ್ರ ಜೋಡಿಸಿಕೊಳ್ಳಿ.
3. ಕೆಲಸದ ಗಾಯವಾದರೆ ಅಪಘಾತ ವರದಿ ಇಎಸ್‌ಐಗೆ ಹೋಗಿದೆಯೇ ಎಂದು ಕೇಳಿ, ಪ್ರತಿ ಪಡೆಯಿರಿ.
4. ಯುಎಎನ್ (ಪಿಎಫ್ ಖಾತೆಯ ಸಂಖ್ಯೆ), ಆಧಾರ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ.
5. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಅವರ ಪಿಎಫ್ ಅರ್ಜಿಗೆ ಸಹಿ ಬೀಳುವ ಮುನ್ನ ಒಂದು ಮಾತು ಕೇಳಿ: ‘ಇದು 10ಸಿಯೋ, 10ಡಿಯೋ?’