ಡಿಸ್ಕಿಗೆ ಕೈಹಾಕುವ ಮುನ್ನ

ವಿಂಡೋಸ್ ಪಕ್ಕದಲ್ಲೇ ಉಬುಂಟುವಿಗೂ ಜಾಗ ಮಾಡುವ ಹುಮ್ಮಸ್ಸು ಒಳ್ಳೆಯದೇ. ಆದರೆ ಮೊದಲು ನಿಮ್ಮ ಫೋಟೊ, ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಒಂದೆರಡನ್ನು ತೆರೆದೂ ನೋಡಿ. ಅದೇ ಡಿಸ್ಕಿನ ಡಿ ಡ್ರೈವಿನಲ್ಲಿಟ್ಟರೆ ಅದು ಬ್ಯಾಕಪ್ ಅಲ್ಲ, ನೆನಪಿರಲಿ. ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ.

ಸಿ ಡ್ರೈವನ್ನು ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕುಗ್ಗಿಸಿ. ತೆರವಾದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಿಡಿ. 25 ಜಿಬಿಗಿಂತ ಕಡಿಮೆ ಬೇಡ, 50 ಇದ್ದರೆ ನೆಮ್ಮದಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಆದಂತೆ ಕಂಡರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ. ಚಾರ್ಜರ್ ಸಿಕ್ಕಿಸಿಯೇ ಇರಲಿ. ಇನ್‌ಸ್ಟಾಲರ್ ಇಡೀ ಡಿಸ್ಕ್ ಅಳಿಸಲೇ ಎಂದಾಗ ಆತುರಪಡಬೇಡಿ, ಆ ಆಯ್ಕೆ ನಿಮಗಲ್ಲ. ಇಎಫ್‌ಐ ಎಂಬ ಪುಟ್ಟ ವಿಭಾಗವನ್ನೂ ಅಳಿಸಬೇಡಿ. ಕಂಪ್ಯೂಟರ್ ಏಳುವುದೇ ಅದರಿಂದ.